ಪ್ರಥಮ ವರ್ಷದವರನ್ನು ನಾನು ಉಳಿಸಿಕೊಂಡ ಬಗೆ

ನನ್ನ ಮಾತಿನಲ್ಲಿ ಭಾರೀ ಶಕ್ತಿಯಿದೆ ಎಂದು ಬಹಳ ಕಾಲ ನಂಬಿದ್ದವನು ನಾನೊಬ್ಬನೇ. ಮನೆಯಲ್ಲಿ ನಾನು ಬಾಯಿ ತೆರೆದೊಡನೆ ಹೆಂಡತಿ ಮಿಕ್ಸರ್ ಹಾಕುತ್ತಾಳೆ. ಆದರೂ ಡೊಂಬಿವಲಿಯ ನಮ್ಮ ಕಾಲೇಜಿನಲ್ಲಿ ದೀಪಾವಳಿ ರಜೆ ಮುಗಿದು ಪ್ರಥಮ ಬಿ.ಕಾಂ. ತರಗತಿ ಅರ್ಧ ಖಾಲಿಯಾದಾಗ, ಪ್ರಿನ್ಸಿಪಾಲರು "ರಾವ್ ಸರ್, ಮುಲಂ ಕುಠೆ ಗೇಲೀ?" ಎಂದು, ಮಕ್ಕಳೆಲ್ಲ ಎಲ್ಲಿ ಹೋದರೆಂದು ಮರಾಠಿಯಲ್ಲೇ ಗಾಬರಿಯಾಗಿ, ಬಿಟ್ಟುಹೋಗುವ ಮಕ್ಕಳನ್ನು ಹಿಡಿದಿಡುವ ಸಮಿತಿಗೆ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಸದಸ್ಯರು ಯಾರೂ ಇರಲಿಲ್ಲ. ನಾನು 'ಛಲವೇ ಬಲ' ಎಂದು ಎರಡು ಗಂಟೆ ಉಪನ್ಯಾಸ ಕೊಟ್ಟೆ. ಮರುದಿನ ಇನ್ನೂ ಮೂವರು ಕಾಲೇಜು ಬಿಟ್ಟರು.

ಅದೇ ವಾರ ಸವಿತಾ ಎಂಬ ಹುಡುಗಿ ಹೆಸರು ತೆಗೆಸಲು ಬಂದಳು. ಮೂಲ ವಿಜಾಪುರದ ಕಡೆಯವರು. ಅಪ್ಪ ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು. ಹತ್ತರವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. "ಯಾಕಮ್ಮಾ?" ಎಂದೆ. "ಇಂಗ್ಲಿಷ್ ತಿಳಿಯಂಗಿಲ್ರಿ ಸರ್. ಮತ್ತ..." ಆ 'ಮತ್ತ'ವನ್ನು ಅಲ್ಲೇ ತಡೆದು, ನಾನು ಕಷ್ಟಪಟ್ಟು ಓದಿದ ಕಥೆಯನ್ನು ಮುಕ್ಕಾಲು ಗಂಟೆ ಹೇಳಿದೆ. ಮುಗಿಯುವಷ್ಟರಲ್ಲಿ ಆಫೀಸಿನ ಕಿಟಕಿ ಮುಚ್ಚಿತ್ತು. ಅರ್ಜಿ ಕೊಡಲಾಗದೆ ಅವಳು ಲೈಬ್ರರಿಗೆ ಹೋಗಿ ಕುಳಿತಳು.

ಅಲ್ಲಿ ಪುಸ್ತಕಗಳ ಧೂಳು ಒರೆಸುವ ಶಾಂತಕ್ಕ ಕೇಳಿದ್ದು ಒಂದೇ ಮಾತು: "ಉಂಡಿಯೇನವಾ?"

ಹುಡುಗಿ ಅತ್ತೇಬಿಟ್ಟಳಂತೆ. ಕ್ಯಾಂಟೀನಿನಲ್ಲಿ ಒಬ್ಬಳೇ ಕೂರಲು ಸಂಕೋಚವಾಗಿ, ಐದು ತಿಂಗಳಿಂದ ಡಬ್ಬಿಯನ್ನು ತೆರೆಯದೆಯೇ ಮನೆಗೆ ಒಯ್ಯುತ್ತಿದ್ದಳು. ನಾನು ತಡೆದ 'ಮತ್ತ' ಅದೇ. "ನಾಳೆ ಬಾ, ಕೂಡೇ ಉಣ್ಣೂಣು. ಕಾಲೇಜ್ ಬಿಡೂದು ಆಮ್ಯಾಲೆ ನೋಡೂಣು" ಎಂದಳು ಶಾಂತಕ್ಕ.

ಸವಿತಾ ಮರುದಿನ ಬಂದಳು, ಅದರ ಮರುದಿನವೂ ಬಂದಳು. ಲೈಬ್ರರಿಯ ಹಿಂದಿನ ಮೇಜಿಗೆ ಕಳಂಬೋಲಿಯ ಇಬ್ಬರು, ಕಲ್ಯಾಣದ ಒಬ್ಬಳು, ಹೀಗೆ ಬಿಡಲು ಹೊರಟಿದ್ದವರೆಲ್ಲ ಡಬ್ಬಿ ಹಿಡಿದು ಸೇರತೊಡಗಿದರು. ಊಟದ ನಂತರ ಒಬ್ಬರಿಗೊಬ್ಬರು ನೋಟ್ಸ್ ಬಿಡಿಸಿ ಹೇಳಿಕೊಂಡರು. ಯಾರಾದರೂ ಬಾರದಿದ್ದರೆ ಶಾಂತಕ್ಕನ ಫೋನು: "ಕಿಧರ್ ಹೈ ರೇ? ಶೇಂಗಾ ಚಟ್ನಿ ಖತಮ್ ಹೋ ರಹಾ ಹೈ!" ಛಲಕ್ಕೆ ಬಾರದವರು ಚಟ್ನಿಗೆ ಓಡಿಬಂದರು.

ಜೂನಿನಲ್ಲಿ ಅಷ್ಟೂ ಮಂದಿ ಎರಡನೇ ವರ್ಷಕ್ಕೆ ಸೇರಿದರು. 'ಅಧ್ಯಕ್ಷರ ಸತತ ಮಾರ್ಗದರ್ಶನದ ಫಲ' ಎಂದು ವರದಿಯಲ್ಲಿ ನಾನೇ ಬರೆದಿದ್ದರಿಂದ, ಪ್ರಿನ್ಸಿಪಾಲರು ನನಗೆ ಶಾಲು ಹೊದಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಶಾಂತಕ್ಕ. ಅದೊಂದು ಮಾತ್ರ ಸಹಿಸಲಾಗಲಿಲ್ಲ.

ಮರುದಿನ ತಪ್ಪೊಪ್ಪಿಕೊಳ್ಳಲೆಂದು ನನ್ನ ಡಬ್ಬಿ ಹಿಡಿದು ಆ ಮೇಜಿನ ಬಳಿ ಹೋಗಿ, ಗಂಟಲು ಸರಿಮಾಡಿಕೊಂಡೆ. ಸವಿತಾ ಸರಿದು ಜಾಗ ಮಾಡಿ, "ಕೂಡ್ರಿ ಸರ್. ಮೊದಲ ಉಣ್ರಿ" ಎಂದು ನನ್ನ ಡಬ್ಬಿಯ ಮುಚ್ಚಳಕ್ಕೆ ರೊಟ್ಟಿ ಹಾಕಿದಳು.

ಅರ್ಧ ಗಂಟೆ ನಾನು ಒಂದು ಮಾತೂ ಆಡಲಿಲ್ಲ. ಒಬ್ಬರೂ ಎದ್ದು ಹೋಗಲಿಲ್ಲ.