ಹುಣಸೆ ಮರಕ್ಕೆ ಬೇವಿನ ನೌಕರಿ

ಬೇವಿನ ತೊಗಟೆಯಲ್ಲಿ ಜ್ವರ ಇಳಿಸುವ ಕಹಿ ಸತ್ವವಿದೆ ಎಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿದ್ಧವಾಯಿತು. ಅದಕ್ಕೂ ಮೊದಲು ಮಾನ್ವಿ ತಾಲೂಕಿನ ಮಲ್ಲಟದ ಜನ ಆ ತೊಗಟೆಯ ಕಷಾಯ ಕುಡಿದು ಎದ್ದು ಕೂಡುತ್ತಿದ್ದರು. ಆದರೆ ಸರಕಾರಕ್ಕೆ ತಿಳಿಸದೆ ವಾಸಿಯಾದವರನ್ನು ವಾಸಿಯಾದರೆಂದು ಹೇಳಲು ಬರುವುದಿಲ್ಲ.

ಕ್ವಿನೈನ್ ಗುಳಿಗೆಗಳೆಲ್ಲ ಯುದ್ಧಕ್ಕೆ ಹೋದ ಮೇಲೆ ರಾಯಚೂರಿನಲ್ಲಿ ಕಹಿ ಔಷಧಿ ಮಹಕಮಾ ಎಂಬ ಹೊಸ ಕಚೇರಿ ತೆರೆಯಿತು. ಅಲ್ಲಿಯ ಡಾಕ್ಟರ ಸಾಹೇಬರು ತೊಗಟೆಯನ್ನು ಕುಟ್ಟಿ, ಕುದಿಸಿ, ಗಾಜಿನ ನಳಿಗೆಯಲ್ಲಿ ಇಳಿಸಿ, ಕೊನೆಗೆ ನಾಲಿಗೆಗೆ ಹಚ್ಚಿಕೊಂಡು "ಕಹಿ ಇದೆ" ಎಂದು ಷರಾ ಬರೆದರು. ಕೂಡಲೇ ಹುಕುಂ ಹೊರಟಿತು:

"ಜ್ವರ ಇಳಿಸುವುದು ಸರಕಾರಿ ಕೆಲಸ. ಸರಕಾರಿ ಕೆಲಸವನ್ನು ನೌಕರರಲ್ಲದವರು ಮಾಡಕೂಡದು. ಆದಕಾರಣ ತಾಲೂಕಿಗೊಂದು ಮರವನ್ನು ನೌಕರಿಗೆ ತೆಗೆದುಕೊಳ್ಳತಕ್ಕದ್ದು. ಉಳಿದ ಬೇವಿನ ಮರಗಳನ್ನು ಯಾರೂ ಕೆತ್ತತಕ್ಕದ್ದಲ್ಲ."

ದೇವದುರ್ಗ ತಾಲೂಕಿನ ಮರ ತಪಾಸಣೆಯ ದಿನ ಎಲೆ ಉದುರಿಸಿಕೊಂಡು ನಿಂತಿದ್ದರಿಂದ, ಉಡುಪಿನ ಶಿಸ್ತಿಲ್ಲವೆಂದು ತಿರಸ್ಕಾರವಾಯಿತು. ಮಾನ್ವಿ ತಾಲೂಕಿಗೆ ಮಲ್ಲಟದ ಕೂಲಿ ಹೆಂಗಸು ಕನಕಮ್ಮನ ಗುಡಿಸಲ ಹಿಂದಿನ ಮರ ಒಪ್ಪಿಗೆಯಾಯಿತು. ಗುಡಿಸಲೊಳಗೆ ಅವಳ ಗಂಡ ತಾಯಣ್ಣ ಚಳಿಜ್ವರದಲ್ಲಿ ಬಿದ್ದಿದ್ದ. ಮರದ ವಿಚಾರಣೆಗೆ ಮಹಕಮಾದ ಕಡತ ನೋಡುವ ಪೇಶಕಾರ ವೆಂಕೋಬರಾಯರು ಬಂದರು.

"ಈ ಮರ ಎಲ್ಲಿ ಹುಟ್ಟಿದ್ದು?"

"ಇಲ್ಲೇ ರೀ. ನಿಂತದಲ್ಲ," ಅಂದಳು ಕನಕಮ್ಮ.

"ನಿಂತದ್ದು ಕಾಣ್ತದ. ಬೀಜ ಎಲ್ಲಿಂದು?"

ಕಟ್ಟೆಯ ಮೇಲಿದ್ದ ಅತ್ತೆ ಗೋಪಮ್ಮ ಸುಮ್ಮನಿರಲಿಲ್ಲ. "ಕಾಗಿ ತಂದು ಹಾಕಿದ್ದಪ್ಪಾ. ಹೊಳಿ ಆಕಡಿಂದ ಬರ್ತಿತ್ತು ಆ ಕಾಗಿ."

ಹೊಳೆಯೆಂದರೆ ತುಂಗಭದ್ರೆ. ಅದರ ಆಚೆ ಇಂಗ್ಲಿಷರ ಮದರಾಸು ಸೀಮೆ. ಈಚೆ ನಿಜಾಮರ ಸೀಮೆಯಲ್ಲಿ ನೌಕರಿ ಬೇಕಾದರೆ ಮುಲ್ಕಿ ಆಗಿರಬೇಕು, ಅಂದರೆ ಈ ನೆಲದವರೇ ಎಂಬ ಸನದು ಇರಬೇಕು. ವೆಂಕೋಬರಾಯರು ಲೇಖನಿ ಕೆಳಗಿಟ್ಟರು.

"ಹಂಗಾರ ಇದು ಗೈರ್‌ಮುಲ್ಕಿ."

"ರಾಯರ, ಮರಕ್ಕೇನು ಗೊತ್ರೀ ಹೊಳಿ ಆಕಡಿ ಈಕಡಿ? ನನ್ ಗಂಡ ಒಳಗ ಗಡಗಡ ನಡಗಾಕತ್ತಾನ. ಅಂಗೈಯಷ್ಟು ತೊಗಟಿ ಕೆತ್ತಾಕ ಬಿಡ್ರಿ."

"ನಿನ್ ಗಂಡ ಮುಲ್ಕಿ ಅದಾನಿಲ್ಲೋ?"

"ಇದ ಊರಾಗ ಹುಟ್ಯಾನ್ರೀ."

"ಮತ್ತ! ಮುಲ್ಕಿ ಮನುಷ್ಯಾಗ ಗೈರ್‌ಮುಲ್ಕಿ ಔಷಧ ಕುಡಿಸ್ತೀಯೇನವಾ?"

"ಜ್ವರ ತಂದ ಸೊಳ್ಳಿನೂ ಹೊಳಿ ಕಡಿಂದ್ಲೇ ಬಂದದ," ಅಂದಳು ಗೋಪಮ್ಮ. "ಅದರ ಸನದು ಯಾರೂ ಕೇಳಲಿಲ್ಲಲ್ಲಪ್ಪಾ?"

"ಸೊಳ್ಳಿ ಬ್ಯಾರೆ ಮಹಕಮಾ," ಎಂದು ರಾಯರು ಎದ್ದರು. ಜವಾನ ಅಲ್ಲಾಉದ್ದೀನನನ್ನು ಮರಕ್ಕೆ ಕಾವಲಿಟ್ಟು ಹೋದರು. ತಾಯಣ್ಣನ ಜ್ವರ ಕಾನೂನು ಓದಿರಲಿಲ್ಲ, ಏರುತ್ತಲೇ ಇತ್ತು.

ಅದೃಷ್ಟಕ್ಕೆ ಮಾನ್ವಿಯ ಶೇಂಗಾ ವ್ಯಾಪಾರಿ ವಿರೂಪಣ್ಣನವರ ಅಂಗಳದಲ್ಲಿ ಪಕ್ಕಾ ಮುಲ್ಕಿ ಮರವೊಂದಿತ್ತು. ಅವರ ಮುತ್ತಜ್ಜ ಕೈಯಾರೆ ನೆಟ್ಟದ್ದು. ಅದು ಹುಣಸೆ ಮರ ಎಂಬ ಒಂದು ಸಣ್ಣ ಕೊರತೆ ಇತ್ತು. "ಗುಣವನ್ನು ಕಲಿಸಬಹುದು, ಹುಟ್ಟನ್ನು ಕಲಿಸಲಾಗದು" ಎಂದು ವೆಂಕೋಬರಾಯರು ವರದಿ ಬರೆದರು. ಹುಣಸೆ ಮರ ಬೇವಿನ ಹುದ್ದೆಗೆ ನೇಮಕವಾಯಿತು. ಅದು ಕಹಿಯಾಗಲು ಕಲಿಯುವವರೆಗೆ, ಮಲ್ಲಟದ ಬೇವಿನ ತೊಗಟೆಯನ್ನು ತಂದು ಅದರ ಬೊಡ್ಡೆಗೆ ಕಟ್ಟತಕ್ಕದ್ದು ಎಂದೂ ಆಯಿತು. ಗೈರ್‌ಮುಲ್ಕಿ ಮರ ಔಷಧಿ ಕೊಡಬಾರದೇ ಹೊರತು, ತರಬೇತಿ ಕೊಡಬಾರದೆಂದು ಎಲ್ಲಿಯೂ ಬರೆದಿಲ್ಲ.

ತೊಗಟೆ ಹೊರುವ ಕೆಲಸ ಕನಕಮ್ಮನಿಗೇ ಸಿಕ್ಕಿತು. ಸಂತೆಯ ದಿನ ವಿರೂಪಣ್ಣನವರ ಶೇಂಗಾ ಬಂಡಿಯ ಹಿಂದೆ ಬುಟ್ಟಿ ಹೊತ್ತು ಮಾನ್ವಿಗೆ ನಡೆದಳು. ಬುಟ್ಟಿ ಅವರ ಅಂಗಳದ ಗೋಡೆ ದಾಟಿ ಒಳಗೆ ಹೋಯಿತು, ಹೊತ್ತವಳು ಹೊರಗೇ ನಿಂತಳು. ಅವಳ ಕೇರಿಯವರ ಕೈ ತಾಗಿದರೆ ಮರ ಮೈಲಿಗೆಯಾಗುತ್ತದೆ. ಅವಳು ಕೆತ್ತಿದ ತೊಗಟೆಗೆ ಆ ದೋಷವಿಲ್ಲ. ಅವಳು ಸುಲಿದ ಶೇಂಗಾಕ್ಕೂ ಇಲ್ಲ. ಔಷಧಿಗೆ ಕಾಯುವವರು ಗೋಡೆಯ ಹೊರಗೆ ವಿರೂಪಣ್ಣನವರ ಶೇಂಗಾ ಸುಲಿಯುತ್ತ ಕೂಡಬೇಕು. ಬೆರಳು ಆಡದಿದ್ದರೆ ಸತ್ವ ಮೈಗೆ ಹಿಡಿಯುವುದಿಲ್ಲ ಎಂಬುದು ನಿಯಮ.

ಹೊತ್ತು ಇಳಿದ ಮೇಲೆ ಗೋಡೆಯ ಮೇಲಿಂದ ಒಂದು ತುಂಡು ಬಂತು. ಕನಕಮ್ಮ ತಿರುಗಿಸಿ ನೋಡಿದಳು.

"ಯಪ್ಪಾ, ಇದು ಮುಂಜಾನಿ ನಾನ ತಂದದ್ದಲ್ರೀ?"

"ತಂದಾಗ ಬರೇ ತೊಗಟಿ ಇತ್ತವಾ," ಅಂದರು ವಿರೂಪಣ್ಣ. "ಈಗ ಔಷಧ."

ಆ ಔಷಧ ಕುದಿಸಿ ಕುಡಿಸಿದಳು. ತಾಯಣ್ಣ ಬೆವತ, ದಿನ ಕಳೆದಂತೆ ಜ್ವರ ಬಿಟ್ಟಿತು, ರೊಟ್ಟಿ ಕೇಳಿದ. ಹುಣಸೆ ಮರಕ್ಕೆ ರಾಯಚೂರಿನಿಂದ ಶಹಬ್ಬಾಸಿ ಬಂತು. ಆ ವರ್ಷ ಅದು ಕೊಟ್ಟ ಕಾಯಿ ಎಂದಿನಂತೆ ಹುಳಿಯಾಗಿತ್ತು. ತರಬೇತಿ ಮುಂದುವರಿಸಲು ಮಂಜೂರಾತಿಯೂ ಬಂತು.

"ನಿನ್ನ ಯಾರು ಉಳಿಸಿದ್ರಲೇ?" ಎಂದು ಗೋಪಮ್ಮ ಮಗನನ್ನು ಕೇಳಿದಳು.

"ಹುಣಸಿ ಮರ ಬೇ ಯವ್ವಾ. ಸರಕಾರನ ಹೇಳ್ಯದಲ್ಲ," ಅಂದ ತಾಯಣ್ಣ, ಬೇವಿನ ನೆರಳಲ್ಲಿ ಕೂತು.

ಈಗ ಮಲ್ಲಟದಲ್ಲಿ ಯಾರಿಗೆ ಚಳಿ ಬಂದರೂ ಗುಡಿಸಲ ಹಿಂದೆ ನೋಡುವುದಿಲ್ಲ, ಶೇಂಗಾ ಬಂಡಿ ಯಾವಾಗ ಹೊರಡುತ್ತದೆಂದು ಕೇಳುತ್ತಾರೆ. ಗೋಪಮ್ಮನಂತೂ ಹೊಳೆಯ ಕಡೆಯಿಂದ ಕಾಗೆ ಹಾರಿಬಂದರೆ ಕೋಲು ಹಿಡಿದೇ ಏಳುತ್ತಾಳೆ.

"ಸನದು ತಂದೀಯೇನಲೇ? ಇಲ್ಲಾಂದ್ರ ಬೀಜ ನುಂಗು, ಇಲ್ಲಿ ಮಾತ್ರ ಹಾಕಬ್ಯಾಡ!"