ಟವೆಲ್ಲಿನ ಕೆಳಗಿನ ಕೈ

ಮಗಳು ಸ್ನೇಹಲ ಮೂರು ವರ್ಷ ತುಂಬಿದರೂ ಮಾತಾಡದೆ, ಕರೆದರೆ ತಿರುಗದೆ, ಬಳೆಚೂರು ಸಾಲಾಗಿ ಜೋಡಿಸುತ್ತ ಕೂತಾಗ ಮುರಗೆಪ್ಪ ಹೆಂಡತಿಗೆ ಮಾತು ಕೊಟ್ಟಿದ್ದ: “ಎಲ್ಲಿ ತೋರಿಸ್ಬೇಕಾದ್ರೂ ಕೂಸಿನ್ನ ನಾನ ಕರ್ಕೊಂಡ ಹೋಗ್ತೀನಿ, ಶಿವಗಂಗಾ. ಮಂದಿ ಏನರ ಅನ್ಲಿ.”

ಈಗ ಹುಡುಗಿಗೆ ಎಂಟು. ಇಂಥ ಮಕ್ಕಳನ್ನೂ ದೊಡ್ಡವರನ್ನೂ ನೋಡಿ, ಅವರಿಗೆ ಯಾವ ಆಸರೆ ಬೇಕೆಂದು ಹೇಳುವ ಶಿಬಿರ ರಾಯಬಾಗದಲ್ಲಿ ನಡೆಯುತ್ತದೆಂದು ಆಶಾ ಕಾರ್ಯಕರ್ತೆ ತಿಳಿಸಿ ಹೋದಾಗಿನಿಂದ ಮುರಗೆಪ್ಪನಿಗೆ ಮಂದಿಯದೇ ಚಿಂತೆ. ಅಲಖನೂರಿನಲ್ಲಿ ಒಬ್ಬರ ಮನೆಯ ಒಗ್ಗರಣೆ ಸೀದರೆ ನಾಲ್ಕು ಮನೆಯವರು ಕೆಮ್ಮುತ್ತಾರೆ. ಹಾಗಾಗಿ ಒಂದು ಉಪಾಯ ಹೂಡಿದ. ತಾಯಿ-ಮಗಳು ತವರಿಗೆಂದು ಹೇಳಿ ಬಸ್ಸು ಹತ್ತುವುದು; ತಾನು ಎಮ್ಮೆ ನೋಡುವ ನೆವದಲ್ಲಿ ಗಾಡಿಯ ಮೇಲೆ ಹೋಗಿ ಶಿಬಿರದ ಬಾಗಿಲಲ್ಲಿ ಅವರನ್ನು ಕೂಡುವುದು.

“ಖರೇನ ಬರ್ತೀರಲ್ಲಾ?” ಎಂದಳು ಶಿವಗಂಗವ್ವ.

“ನಿಮಗಿಂತ ಮೊದ್ಲ ಅಲ್ಲಿರ್ತೀನಿ.”

ಅವನು ಗಾಡಿಗೆ ಕಿಕ್ ಹೊಡೆಯುವಷ್ಟರಲ್ಲಿ ಎದುರುಮನೆಯ ಅಪ್ಪಾಸಾಬ ಹೆಗಲಿಗೆ ಟವೆಲ್ಲು ಏರಿಸಿಕೊಂಡು ದಡದಡ ಬಂದ.

“ಎಲ್ಲಿಗಿ ಹೊಂಟೀಲೇ ಮುರಗ್ಯಾ?”

“ಎಮ್ಮಿ ನೋಡಾಕ್ರಿ, ಕಾಕಾ.”

“ಒಬ್ಬಾಂವನ? ನಾ ಏನ್ ಸತ್ತೇನೇನಲೇ?” ಊರಿನಲ್ಲಿ ಯಾರೇ ಎಮ್ಮೆ ಕೊಂಡರೂ ಕೆಚ್ಚಲು ಮುಟ್ಟಿ ನೋಡುವ ಹಕ್ಕು ಅಪ್ಪಾಸಾಬನದು. “ಮುಂದ ಸರಿ” ಎಂದವನೇ ಹಿಂದೆ ಹತ್ತಿ ಕೂತ.

ರಾಯಬಾಗದ ದನದ ಸಂತೆಯಲ್ಲಿ ಮುರಗೆಪ್ಪ ಎಮ್ಮೆ ನೋಡಲಿಲ್ಲ, ಹೊರಗೆ ಹೋಗುವ ದಾರಿ ನೋಡಿದ. ಒಂದರ ಕೋಡು ಡೊಂಕೆಂದ, ಇನ್ನೊಂದರ ಬಾಲ ಗಿಡ್ಡೆಂದ, ಮತ್ತೊಂದು ತನ್ನನ್ನು ನೋಡಿದ ರೀತಿಯೇ ಸರಿಯಿಲ್ಲವೆಂದ. ಕುಂದು ಎತ್ತಿದಷ್ಟೂ ದಲಾಲಿ ಜಕ್ಕಪ್ಪನಿಗೆ ಅವನ ಮೇಲೆ ಗೌರವ ಹೆಚ್ಚಿತು. “ಗಿರಾಕಿ ಭಾರಿ ತಿಳಿದಾಂವ ಅದಾನ!”

“ಕಾಕಾ, ಹೊಟ್ಟಿ ಕೆಟ್ಟೈತಿ, ಹಿಂಗ ಹೋಗಿ ಬರ್ತೀನಿ.”

“ನಡಿ, ನಾನೂ ಬರ್ತೀನಿ.”

ಕಾಕಾ ಬೆಲ್ಲದ ಪಾಕದಂತೆ ಅಂಟಿದ್ದ; ಬಿಡಿಸಿಕೊಂಡಷ್ಟೂ ಎಳೆ ಬರುತ್ತಿತ್ತು.

ಕೊನೆಗೆ ಜಕ್ಕಪ್ಪ ಮುರಗೆಪ್ಪನ ಬಲಗೈ ಎಳೆದುಕೊಂಡು ಮೇಲೆ ಟವೆಲ್ಲು ಹೊದಿಸಿದ. ಸಂತೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಹಿಡಿದು ಹೇಳುತ್ತಾರೆ. ಇಡೀ ಅಂಗೈ ಅದುಮಿದರೆ ಒಪ್ಪಿದಂತೆ. ಮುರಗೆಪ್ಪ ಕೈಯನ್ನು ಬಾಡಿದ ಬದನೆಕಾಯಿಯಂತೆ ಬಿಟ್ಟುಕೊಂಡು ನಿಂತ.

ಆಗಲೇ ಫೋನು ಬಡಿದುಕೊಂಡಿತು. ಎಡಗೈಯಿಂದ ತೆಗೆದು ಕಿವಿಗೆ ಹಿಡಿದ.

“ಎಲ್ಲದೀರಿ? ನಮ್ಮ ಪಾಳಿ ಬಂತು. ಮನ್ಯಾಗ ಹೆಂಗಿರ್ತಾಳ ಅಂತ ಡಾಕ್ಟರ್ ಬಾಯಾರು ತಾಯಿ-ತಂದಿ ಇಬ್ಬರ್ನೂ ಕೇಳ್ತಾರಂತ. ಗದ್ಲಕ್ಕ ಸ್ನೇಹಲ ಕಿವಿ ಮುಚ್ಕೊಂಡ ಕುಂತಾಳ್ರಿ. ಬಾಗಲಾ ನೋಡಾಕತ್ತಾಳ. ನಿಮ್ಮನ್ನ ಹುಡಕಾಕತ್ತಾಳ.”

ಮುರಗೆಪ್ಪ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದ. ಸಿಕ್ಕಿದ್ದು ಜಕ್ಕಪ್ಪನ ಅಂಗೈ.

“ಆತು! ಸೌದಾ ಮುಗೀತು!” ಜಕ್ಕಪ್ಪ ಎಮ್ಮೆಯ ಹಣೆಗೆ ಭಂಡಾರದ ಅರಿಶಿನ ಬಳಿದೇ ಬಿಟ್ಟ.

“ಇಲ್ರಿ, ನಾ ಸುಮ್ನ...”

“ಭಂಡಾರ ಹಚ್ಚಿದ ಮ್ಯಾಲೆ ಇಲ್ಲ ಅಂತಾರೇನಲೇ?” ಅಪ್ಪಾಸಾಬ ಗದರಿದ. “ಮುಂಗಡ ನಾ ಕೊಡ್ತೀನಿ, ಸುಮ್ಕಿರು. ಫೋನ್ ಯಾರ್ದು?”

ಹೇಳಿಬಿಡಬಹುದಿತ್ತು. ಶಿಬಿರ ಎರಡು ಓಣಿ ಆಚೆಗಿತ್ತು. ಆದರೆ ಸುತ್ತ ನಿಂತ ಮಂದಿ ಕಿವಿ ನಿಮಿರಿಸಿದ್ದರು.

“ರಾಂಗ್ ನಂಬರ್ರಿ,” ಎಂದು ಮುರಗೆಪ್ಪ ಫೋನು ಆರಿಸಿ ಕಿಸೆಗಿಟ್ಟ.

ಆ ಎಮ್ಮೆಯೋ, ಟೆಂಪೋ ಹತ್ತಲಾರೆನೆಂದು ಕಾಲು ನೆಟ್ಟಿತು. ಒಬ್ಬ ಕೊಂಬು ಹಿಡಿದ, ಒಬ್ಬ ಬಾಲ ತಿರುವಿದ, ಅಪ್ಪಾಸಾಬ ದೂರ ನಿಂತು ಬುದ್ಧಿ ಹೇಳಿದ. ಅದು ಮನಸ್ಸು ಮಾಡಿ ಹತ್ತುವಷ್ಟರಲ್ಲಿ ಶಿಬಿರದವರು ಕುರ್ಚಿ ಮಡಚಿ ಹೋಗಿದ್ದರು. ಮುರಗೆಪ್ಪ ಹಗ್ಗ ಹಿಡಿದು ಟೆಂಪೋದಲ್ಲಿ ಕೂತ, ಅಪ್ಪಾಸಾಬ ಅವನ ಗಾಡಿ ಏರಿ ಹಿಂದೆ ಬಂದ.

ಸಂಜೆ ಮನೆಯ ಬಾಗಿಲಲ್ಲಿ ಶಿವಗಂಗವ್ವನ ಪಕ್ಕ ಅಪ್ಪಾಸಾಬನ ಹೆಂಡತಿ ಭೀಮಾಬಾಯಿಯೂ ನಿಂತಿದ್ದಳು.

“ನೀ ಇಲ್ಲೇನ್ ಮಾಡಾಕತ್ತಿ?” ಎಂದ ಅಪ್ಪಾಸಾಬ.

“ನಾವಿಬ್ರೂ ಒಂದ ಬಸ್ಸಿಗಿ ಬಂದ್ವಿ. ಶಿಬಿರದಾಗ ನಮ್ಮ ಹುಡುಗ ಸಮಾಧಾನನ್ನ ತೋರಿಸ್ಕೊಂಡ ಬಂದ್ನಿ. ನೀವೂ ಬರಾವ್ರಿದ್ರಿ. ಮುಂಜಾನೆ ಇವನ ಗಾಡಿ ಸಪ್ಪಳ ಕೇಳಿದ್ದ ತಡ, ಟವೆಲ್ ತಗೊಂಡ ಓಡಿದ್ರಲ್ಲಾ!”

ಸಮಾಧಾನ ಅಪ್ಪಾಸಾಬನ ಮಗ, ಮೀಸೆ ಬಂದ ಗಂಡಸು. ಅವನೇಕೆ ಹೊರಗೆ ಕಾಣುವುದಿಲ್ಲ ಎಂದವರಿಗೆಲ್ಲ ಪೊಲೀಸ್ ಪರೀಕ್ಷೆಗೆ ಓದುತ್ತಾನೆಂದು ಅಪ್ಪ ವರ್ಷಗಟ್ಟಲೆ ಹೇಳುತ್ತ ಬಂದಿದ್ದ. ಈಗ ಅವನು ನಡುಮನೆಯಲ್ಲಿ ಚಹಾ ಕುಡಿಯುತ್ತಿದ್ದ; ಸ್ನೇಹಲ ಹತ್ತಿರವೇ ಆರಾಮಾಗಿ ಕೂತಿದ್ದಳು.

“ಅರ್ಧಾ ಊರ ಅಲ್ಲೇ ಇತ್ತು. ಬರೇ ಹೆಣ್ಮಕ್ಕಳು,” ಎಂದಳು ಶಿವಗಂಗವ್ವ. “ನಿಮ್ಮೂರಾಗ ಗಂಡಸರ ಇಲ್ಲೇನಂತ ಡಾಕ್ಟರ್ ಬಾಯಾರು ಕೇಳಿದ್ರು. ಎಮ್ಮಿ ನೋಡಾಕ ಹೋಗ್ಯಾರ್ರಿ ಅಂದ್ನಿ. ಉಳಿದಾವ್ರೂ ಅದನ್ನ ಅಂದ್ರು.”

ಮುರಗೆಪ್ಪ ಹಗ್ಗ ಸುತ್ತುತ್ತ ಕೇಳಿದ: “ಸ್ನೇಹಲಗ... ಏನಂದ್ರು?”

“ಅರ್ಧಾ ನೋಡ್ಯಾರ. ಉಳಿದ ಅರ್ಧಾ ತಂದಿ ಬಂದಾಗ ಅಂದಾರ. ಮತ್ತ ಯಾವಾಗ ಬರ್ತಾರೋ, ಅವರಿಗೂ ಗೊತ್ತಿಲ್ಲಂತ.”

ಅಂಗಳದಲ್ಲಿ ಎಮ್ಮೆ ಒದರಿತು. ಗಂಡಸರಿಬ್ಬರೂ ಅದನ್ನೇ ನೋಡುತ್ತ ನಿಂತರು. ತಲೆಯೆತ್ತಿ ನೋಡಲು ಬೇರೆ ಮುಖ ಅವರಿಗೆ ಉಳಿದಿರಲಿಲ್ಲ.

ಮಗಳನ್ನು ತಾನೇ ಕರೆದೊಯ್ಯುವೆನೆಂದು ಕೊಟ್ಟ ಮಾತನ್ನು ಮುರಗೆಪ್ಪ ನಡೆಸಲಿಲ್ಲ.