ದಂಡ ಕಟ್ಟಿದ ಮೇಲೆ ಗೋಡೆ ಯಾರದು?

ಆಗ ನನಗೆ ನಲವತ್ತು ದಾಟಿತ್ತು. ಇದು ಮೂವತ್ತು ವರ್ಷದ ಹಿಂದಿನ ಮಾತು. ಆ ವಯಸ್ಸಿನವರೆಗೂ ದಂಡ ಅಂದರೆ ಏನು ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ. ತಪ್ಪು ಮಾಡಿದವರನ್ನು ಪೊಲೀಸರು ಎಳೆದುಕೊಂಡು ಹೋಗುತ್ತಾರೆ, ಕೋರ್ಟಿನಲ್ಲಿ ಕರಿ ಕೋಟಿನವರು ಕೂಗಾಡುತ್ತಾರೆ, ಆಮೇಲೆ ಶಿಕ್ಷೆ. ಇಷ್ಟೇ ನನ್ನ ತಿಳಿವಳಿಕೆ. ಪೊಲೀಸೂ ಇಲ್ಲದೆ, ಕೋರ್ಟೂ ಇಲ್ಲದೆ, ಫ್ಯಾನಿನ ಕೆಳಗೆ ಕೂತ ಗುಮಾಸ್ತರೇ ಶಿಕ್ಷೆ ಕೊಡಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ.

ಬಂಗಾರಪೇಟೆಯಲ್ಲಿ ನಮ್ಮ ಮನೆ ಇದ್ದದ್ದು ಬಿಸಿಲೇ ಬೀಳದ ಸಂದಿಯಲ್ಲಿ. ಎರಡು ಎಮ್ಮೆ ಇದ್ದವು. ಹಾಲಿನ ದುಡ್ಡು ಹಿಂಡಿ ಬೂಸಕ್ಕೇ ಹೋಗುತ್ತಿತ್ತು. ಅಂಗಡಿ ಸಾಮಾನು ಬರುತ್ತಿದ್ದದ್ದು ಬೆರಣಿ ಮಾರಿ. ಆಂಡರ್ಸನ್‌ಪೇಟೆಯಿಂದೆಲ್ಲ ಬಂದು ನೀರು ಕಾಯಿಸುವುದಕ್ಕೆ ನನ್ನ ಬೆರಣಿಯನ್ನೇ ಕೇಳಿ ಒಯ್ಯುತ್ತಿದ್ದರು. ಅದನ್ನು ಒಣಗಿಸಲು ನನಗಿದ್ದ ಒಂದೇ ಜಾಗ ಪುರಸಭೆಯ ಗೋಡೌನಿನ ಗೋಡೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ಮೇಲೆ ಬಿಸಿಲು. ಅಂಥ ಗೋಡೆಯನ್ನು ಸುಮ್ಮನೆ ಬಿಟ್ಟಿದ್ದಾರಲ್ಲ ಅಂತ ನನಗೇ ಸಂಕಟವಾಗುತ್ತಿತ್ತು.

ಒಂದು ದಿನ ಹೆಲ್ತ್ ಇನ್ಸ್‌ಪೆಕ್ಟರು ಬಂದು, ಗೋಡೆ ಗಲೀಜು ಮಾಡಿದ್ದಕ್ಕೆ ದಂಡ ಕಟ್ಟಬೇಕು ಅಂದರು. ಕಚೇರಿಗೆ ಹೋಗಿ ಕಟ್ಟಿದೆ. ಯಾರೂ ಬೈಯಲಿಲ್ಲ. "ಕೂತ್ಕೊಳ್ಳಿ ಅಮ್ಮ" ಅಂದರು, ಮುದ್ರೆ ಒತ್ತಿ ಚೀಟಿ ಕೊಟ್ಟರು. ಸಂತೆಯಲ್ಲಿ ಸುಂಕ ಕಟ್ಟಿದರೆ ಕೊಡುವಂಥದ್ದೇ ಚೀಟಿ, ಅದೇ ಮುದ್ರೆ. ಸುಂಕದ ಚೀಟಿ ಸೆರಗಿನಲ್ಲಿದ್ದರೆ ಸಂತೆಯಲ್ಲಿ ನಮ್ಮನ್ನು ಕೂತ ಜಾಗದಿಂದ ಯಾರೂ ಎಬ್ಬಿಸುವ ಹಾಗಿಲ್ಲ. ಈ ಚೀಟಿಯನ್ನೂ ಸೆರಗಿಗೆ ಗಂಟು ಹಾಕಿಕೊಂಡು ಬಂದವಳೇ, ಮೊದಲಿಗಿಂತ ಒತ್ತೊತ್ತಾಗಿ ಬೆರಣಿ ತಟ್ಟಿದೆ.

ಇನ್ಸ್‌ಪೆಕ್ಟರು ಮತ್ತೆ ಬಂದವರು ತಲೆಯ ಮೇಲೆ ಕೈ ಇಟ್ಟುಕೊಂಡರು.

"ಏನಮ್ಮಾ ಇದು? ದಂಡ ಕಟ್ಟಿದ್ದೀರಲ್ಲ!"

"ಕಟ್ಟಿದ್ಕೇ ತಟ್ತಾ ಇದೀನಿ ಸಾಮಿ."

"ಅದು ಬಾಡಿಗೆ ಅಲ್ಲಮ್ಮ, ಶಿಕ್ಷೆ. ಇನ್ನೊಂದ್ಸಲ ಮಾಡಿದರೆ ಎರಡರಷ್ಟು ಹಾಕ್ತೀವಿ."

"ಎರಡರಷ್ಟು ಕಟ್ಟಿದ್ರೆ ಆ ಕಡೆ ಗೋಡೇನೂ ನಂಗೇನಾ?"

ಪಾಪ, ಅವರು ಸೈಕಲ್ ಹತ್ತಿ ಹೊರಟೇಬಿಟ್ಟರು. ನಾನು ಕುಹಕಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

ಈ ಮಾತು ಬೀದಿಯಲ್ಲಿ ಹರಡಿ ಹೋಟೆಲುಗಳಿಗೆ ಹಾಲು ಹಾಕುವ ನಾರಾಯಣಪ್ಪನ ಕಿವಿಗೆ ಬಿತ್ತು. ಅವನ ಕೊಟ್ಟಿಗೆ ತುಂಬ ಹಸು. ಅವನು ನೇರ ಕಚೇರಿಗೆ ಹೋಗಿ, ಇಡೀ ವರ್ಷದ ದಂಡವನ್ನು ಮುಂಗಡವಾಗಿ ಇಸಿದುಕೊಳ್ಳಿ ಅಂದನಂತೆ. ಗುಮಾಸ್ತರು ಗದರಿ ಕಳಿಸಿದರೂ ಅವನಿಗೇನು? ಕೇಳಿದಾಗ ಕಟ್ಟಿದರಾಯಿತು ಅಂತ ಆಳುಗಳನ್ನು ಬಿಟ್ಟು ಗೋಡೆಯ ತುಂಬ ಬೆರಣಿ ತಟ್ಟಿಸಿದ. ನನಗೆ ಉಳಿದದ್ದು ಮೂಲೆಯಲ್ಲಿ ಒಂದು ಮೊಳ.

"ಏನ್ಲಾ ನಾರಾಯಣಪ್ಪ, ದಂಡ ಕಟ್ಟಿರೋಳು ನಾನು ಕಣ್ಲಾ!"

"ನೀನು ಕಟ್ಟಿದ್ದು ಓದ ವಾರದ್ದು ಕಣಕ್ಕೋ. ನಾನು ವರ್ಷದ್ದೇ ಕಟ್ತೀನಿ, ಓಗು."

ನಾನು ಕಚೇರಿಗೆ ಓಡಿದೆ. "ಸಾಮಿ, ದಂಡ ಅಂದ್ರೆ ಬಾಡಿಗೆ ಅಲ್ಲ, ಶಿಕ್ಷೆ! ಆ ನಾರಾಯಣಪ್ಪಂಗೆ ವಸಿ ಬುದ್ಧಿ ಹೇಳಿ!"

ಇನ್ಸ್‌ಪೆಕ್ಟರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. "ಇನ್ನೊಂದ್ಸಲ ಹೇಳಿ ಅಮ್ಮ, ಗುಮಾಸ್ತರೂ ಕೇಳಲಿ" ಅಂದರು. ಇನ್ನೂ ಜೋರಾಗಿ ಹೇಳಿದೆ. ಹಾಗಾದರೆ ನಾಳೆ ಗೋಡೆ ಪೂರ್ತಿ ಖಾಲಿಯಾಗಬೇಕು, ಇಲ್ಲದಿದ್ದರೆ ಕಸದ ಗಾಡಿ ಬರುತ್ತದೆ ಅಂದರು.

"ನಂದೂನಾ?"

"ಶಿಕ್ಷೆ ಅಂದೋರು ನೀವೇ ಅಲ್ವಾ?"

ದಾರಿಯುದ್ದಕ್ಕೂ ಯೋಚಿಸಿದೆ. ದಂಡ ಬಾಡಿಗೆಯಾದರೆ ಗೋಡೆ ನಾರಾಯಣಪ್ಪನಿಗೆ, ನನಗಿಲ್ಲ. ಶಿಕ್ಷೆಯಾದರೂ ನನಗಿಲ್ಲ. ಆದರೆ ಶಿಕ್ಷೆಯಾದರೆ ನಾರಾಯಣಪ್ಪನಿಗೂ ಇಲ್ಲ. ಕಾನೂನು ಒಳ್ಳೆಯದೇ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನನ್ನ ಹಸಿ ಬೆರಣಿಗಳನ್ನು ಮುರಿದರೆ ಮುರಿಯಲಿ ಅಂತ ಕಿತ್ತು ಬುಟ್ಟಿಗೆ ಹಾಕಿದೆ. ಇನ್ನು ಮೇಲೆ ಎಲ್ಲಿ ಒಣಗಿಸುವುದು ಅನ್ನುವ ಯೋಚನೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡು, ಎದುರಿನ ಕಲ್ಲಿನ ಮೇಲೆ ಕೂತು, ಬೆರಣಿ ಕೀಳುತ್ತಿದ್ದ ನಾರಾಯಣಪ್ಪನ ಆಳುಗಳಿಗೆ ಬೆರಳು ಮಾಡಿ ತೋರಿಸುತ್ತಿದ್ದೆ: "ಅಲ್ಲೊಂದು ಐತೆ ನೋಡ್ಲಾ, ಮೇಲೆ!"